ಹೆಚ್ಚುಕಡಿಮೆಯ ಲೆಕ್ಕ

‘ಹೆಚ್ಚುಕಡಿಮೆ’ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲವಾದರೂ ಆಡುತ್ತೇವೆ. ಪಕ್ಕದ ಊರು ಹೆಚ್ಚುಕಡಿಮೆ ನಾಲ್ಕು ಮೈಲಿ. ಮನೆಗೆ ಬೇಕಾದ ಅಕ್ಕಿ ಹೆಚ್ಚುಕಡಿಮೆ ಎರಡು ಸೇರು. ‘ನಾಲ್ಕೈದು’, ‘ಏಳೆಂಟು’ ಎಂಬ ಜೋಡಿ ಸಂಖ್ಯೆಗಳೂ ಕನ್ನಡದಲ್ಲಿ ಉಂಟು. ನಾಲ್ಕೈದು ದಿನ ಬೇಕು ಎಂದವನನ್ನು ಲೆಕ್ಕ ಬಾರದವನೆಂದು ಯಾರೂ ಹಳಿಯುವುದಿಲ್ಲ. ತನ್ನ ತಿಳಿವಳಿಕೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಆತ ಗೆರೆ ಎಳೆದು ಹೇಳಿರುತ್ತಾನೆ. ಆಡುಮಾತಿನ ಈ ವಿವೇಕವು ಶಾಲೆ ಕಾಲೇಜುಗಳ ಪ್ರಯೋಗಶಾಲೆಯ ಹೊಸ್ತಿಲ ಹೊರಗೇ ಉಳಿದುಬಿಡುತ್ತಿದೆಯಲ್ಲ ಎಂಬ ಚಿಂತೆಯನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಒಂದು ಪ್ರಯೋಗವನ್ನು ತೆಗೆದುಕೊಳ್ಳೋಣ. ದಾರದ ತುದಿಗೆ ಲೋಹದ ಗುಂಡು ಕಟ್ಟಿ ತೂಗಬಿಟ್ಟರೆ ಅದೇ ಲೋಲಕ. ಅದರ ಉದ್ದವನ್ನೂ, ಒಮ್ಮೆ ಅತ್ತಿತ್ತ ತೂಗಿ ಬರಲು ಹಿಡಿಯುವ ಕಾಲವನ್ನೂ ಅಳೆದರೆ ಭೂಮಿಯ ಗುರುತ್ವ ವೇಗೋತ್ಕರ್ಷ ಎಷ್ಟೆಂದು ಗಣಿಸಬಹುದು. ಆದರೆ ವಿದ್ಯಾರ್ಥಿಗೆ ಉತ್ತರ ಮೊದಲೇ ಗೊತ್ತು. ಪಠ್ಯಪುಸ್ತಕದಲ್ಲಿ 9.81 ಎಂದಿದೆ. ತನಗೆ 9.6 ಬಂದರೆ ಅವನು ರಬ್ಬರು ಹುಡುಕುತ್ತಾನೆ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಗಡಿಯಾರ ಏನು ತೋರಿಸಬೇಕಾಗಿತ್ತೋ ಅದನ್ನು ಬರೆದಿಡುತ್ತಾನೆ. ಇಂಥ ಪುಸ್ತಕಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಅಕ್ಷರ ಮುದ್ದಾಗಿರುತ್ತದೆ, ಉತ್ತರ ಸರಿಯಾಗಿರುತ್ತದೆ, ಗುರುಗಳ ರುಜುವೂ ಇರುತ್ತದೆ; ಪ್ರಯೋಗವೊಂದು ಮಾತ್ರ ಇರುವುದಿಲ್ಲ.

ಪ್ರಾಮಾಣಿಕವಾದ ವರದಿ ಹೇಗಿರಬೇಕು? ಲೋಲಕದ ಉದ್ದ 1 ಮೀಟರು ಎನ್ನೋಣ. ಅಳತೆಗೋಲಿನ ಗೆರೆಗಳನ್ನು ನೋಡಿದರೆ 1 ಮಿಲಿಮೀಟರು ಆಚೀಚೆ ಇರಬಹುದು. ಅದು ಶೇಕಡ 0.1. ಲೋಲಕ 20 ಸಲ ತೂಗಲು 40.2 ಸೆಕೆಂಡು ಹಿಡಿಯಿತು. ಗಡಿಯಾರ ಒತ್ತುವ ಬೆರಳು 0.2 ಸೆಕೆಂಡು ಹಿಂದುಮುಂದಾಗುವುದು ಸಹಜ. ಅದು ಶೇಕಡ 0.5. ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಈ ಭಾಗ ಇಮ್ಮಡಿಯಾಗಿ ಶೇಕಡ 1 ಆಗುತ್ತದೆ. ಲೆಕ್ಕದ ಯಂತ್ರ 9.7716 ಎಂದು ತೋರಿಸಿದರೂ ಆ ಕೊನೆಯ ಅಂಕಿಗಳಿಗೆ ಬೆಲೆಯಿಲ್ಲ. ಬರೆಯಬೇಕಾದದ್ದು 9.8, ಹೆಚ್ಚುಕಡಿಮೆ 0.1. ಸಂಶಯ ಎಲ್ಲಿ ಮನೆಮಾಡಿದೆ ಎಂಬುದನ್ನೂ ಈ ಲೆಕ್ಕ ತೋರಿಸಿಕೊಟ್ಟಿತು. ಇನ್ನೂ ನುಣುಪಾದ ಅಳತೆಗೋಲು ತಂದು ಪ್ರಯೋಜನವಿಲ್ಲ. 20ರ ಬದಲು 100 ಆಂದೋಲನಗಳನ್ನು ಎಣಿಸಬೇಕು. ಬೆರಳಿನ 0.2 ಸೆಕೆಂಡು ಆಗ ಸುಮಾರು 200 ಸೆಕೆಂಡುಗಳ ಮೇಲೆ ಹಂಚಿಹೋಗುತ್ತದೆ. ಉತ್ತರ 9.78, ಹೆಚ್ಚುಕಡಿಮೆ 0.02 ಎನ್ನುವಷ್ಟು ಬಿಗಿಯಾಗುತ್ತದೆ.

ಇದಕ್ಕೆ ಪುಸ್ತಕಗಳಲ್ಲಿ ಬಹುಕಾಲ ನಡೆದುಬಂದ ಹೆಸರು ‘ದೋಷ’. ಆ ಹೆಸರೇ ಅರ್ಧ ಅನರ್ಥಕ್ಕೆ ಕಾರಣವೆಂದು ನನಗೆ ತೋರುತ್ತದೆ. ದೋಷವೆಂದರೆ ಮುಚ್ಚಿಡಬೇಕಾದದ್ದು, ಪರಿಹಾರ ಮಾಡಿಸಬೇಕಾದದ್ದು ಎಂದೇ ನಮ್ಮ ಮನಸ್ಸು ಭಾವಿಸುತ್ತದೆ. 1993ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಪ್ರಕಟಿಸಿದ ಮಾರ್ಗದರ್ಶಿಯು ದೋಷವನ್ನೂ ಅನಿಶ್ಚಿತತೆಯನ್ನೂ ಬೇರೆಬೇರೆಯಾಗಿ ಇರಿಸಿತು. ಅಳತೆಗೂ ನಿಜವಾದ ಬೆಲೆಗೂ ಇರುವ ಅಂತರ ದೋಷ. ಅಳತೆಯ ಫಲವನ್ನು ಎಷ್ಟು ಅಗಲದೊಳಗೆ ನಂಬಬಹುದೆಂಬ ಹೇಳಿಕೆ ಅನಿಶ್ಚಿತತೆ. ಎಷ್ಟೇ ಎಚ್ಚರದಿಂದ ಅಳೆದರೂ ಅನಿಶ್ಚಿತತೆ ಇದ್ದೇ ಇರುತ್ತದೆ. ಅದನ್ನು ಹೇಳುವುದರಿಂದ ಅಳೆದವನ ಮಾನ ಹೋಗುವುದಿಲ್ಲ.

ಇದೇ ಲೋಲಕದ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. 1672ರಲ್ಲಿ ಝಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದ ಕಾಯೆನ್‌ಗೆ ಹೋದ. ಸಮಭಾಜಕ ವೃತ್ತಕ್ಕೆ ಸಮೀಪದ ಊರು ಅದು. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಮಿಕ್ಕಿ ಹಿಂದೆ ಬೀಳುತ್ತಿತ್ತು. ಸೆಕೆಂಡಿನ ಲೋಲಕವನ್ನು 3 ಮಿಲಿಮೀಟರಿಗಿಂತ ತುಸು ಕಡಿಮೆಯಷ್ಟು ಮೊಟಕು ಮಾಡಬೇಕಾಯಿತು. ರಿಷೆ ಅದನ್ನು ತಿದ್ದಿ ಮರೆಸಲಿಲ್ಲ. ತಿಂಗಳುಗಟ್ಟಲೆ ಅಳತೆಯನ್ನು ಮತ್ತೆ ಮತ್ತೆ ಮಾಡಿ, ಕಂಡದ್ದನ್ನು ಕಂಡಂತೆ ಬರೆದ. ಅವನ ಅಳತೆ ಆಚೀಚೆ ಓಲಾಡುವ ಅಗಲಕ್ಕಿಂತ ಈ ವ್ಯತ್ಯಾಸ ದೊಡ್ಡದು ಎಂದು ತಿಳಿದಾಗಲೇ ಅದಕ್ಕೆ ಅರ್ಥ ಬಂದದ್ದು. 1687ರಲ್ಲಿ ನ್ಯೂಟನ್ ತನ್ನ ‘ಪ್ರಿನ್ಸಿಪಿಯ’ದಲ್ಲಿ, ಭೂಮಿ ಧ್ರುವಗಳ ಬಳಿ ಚಪ್ಪಟೆಯಾಗಿದೆಯೆಂಬ ತನ್ನ ವಾದಕ್ಕೆ ಆ ವ್ಯತ್ಯಾಸವನ್ನು ಆಧಾರವಾಗಿ ತೆಗೆದುಕೊಂಡ.

ಈಗ ನಮ್ಮ ವಿದ್ಯಾರ್ಥಿಯ ಕಡೆಗೆ ತಿರುಗೋಣ. 9.81 ಎಂಬುದು ಹೆಚ್ಚುಕಡಿಮೆ ಲಂಡನ್ನಿನ ಬೆಲೆ. ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರಕ್ಕೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 9.78. ಬೆಂಗಳೂರಿನ ಹುಡುಗಿಯೊಬ್ಬಳು ಶ್ರದ್ಧೆಯಿಂದ 100 ಆಂದೋಲನ ಎಣಿಸಿ, ಬಂದ 9.78ನ್ನು ಅಳಿಸಿ 9.81 ಎಂದು ಬರೆದರೆ, ತಾನು ನಿಂತ ನೆಲದ ಸಾಕ್ಷ್ಯವನ್ನೇ ಅಳಿಸಿದಂತಾಯಿತು. ಪಕ್ಕದಲ್ಲಿ ‘ಹೆಚ್ಚುಕಡಿಮೆ 0.02’ ಎಂದು ಬರೆಯಲು ಕಲಿತಿದ್ದರೆ ಪುಸ್ತಕದ ಅಂಕಿ ತನ್ನ ಅಂಚಿನಿಂದ ಹೊರಕ್ಕೆ ಸರಿಯುತ್ತಿರುವುದು ಅವಳ ಕಣ್ಣಿಗೆ ಬೀಳುತ್ತಿತ್ತು, ‘ಏಕೆ?’ ಎಂಬ ಪ್ರಶ್ನೆ ಹುಟ್ಟುತ್ತಿತ್ತು. 20 ಆಂದೋಲನಗಳ ಅಳತೆಯಿಂದ ಈ ಎರಡು ಊರುಗಳನ್ನು ಬೇರ್ಪಡಿಸಲಾಗದೆಂದು ಒಪ್ಪಿಕೊಳ್ಳುವುದೂ ಅದೇ ವಿದ್ಯೆಯ ಇನ್ನೊಂದು ಮುಖ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಪುಸ್ತಕದ ಅಂಕಿಗೆ ಎಷ್ಟು ಹತ್ತಿರ ಬಂದನೆಂದು ನೋಡಿ ಅಂಕ ಕೊಡಬೇಡಿ. ತನ್ನ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಅವನೇ ಹೇಳಬಲ್ಲನೆ, ಆ ಮಾತಿಗೆ ಕಾರಣ ಕೊಡಬಲ್ಲನೆ ಎಂದು ನೋಡಿ. ಇಂದು ಗುಂಡಿನ ತೂಗಾಟ ಅಳೆಯುವ ಮಕ್ಕಳು ನಾಳೆ ರೋಗಿಯ ರಕ್ತವನ್ನು ಪರೀಕ್ಷಿಸುವವರು, ಸೇತುವೆಯ ಭಾರವನ್ನು ಲೆಕ್ಕ ಹಾಕುವವರು. ಬೇಕಾದ ಉತ್ತರಕ್ಕೆ ಅಂಕಿಗಳನ್ನು ಬಗ್ಗಿಸುವ ಅಭ್ಯಾಸ ಹದಿನಾರರ ಹರೆಯದಲ್ಲಿ ಕೈಗೆ ಹತ್ತಿದರೆ ಬಿಡಿಸುವುದು ಸುಲಭವಲ್ಲ. ಹೆಚ್ಚುಕಡಿಮೆ ಎಷ್ಟೆಂದು ಬರೆಯುವ ಅಭ್ಯಾಸವನ್ನೂ ಆ ವಯಸ್ಸಿನಲ್ಲಿಯೇ ಹತ್ತಿಸಬಹುದು.