ನದಿ ಇದ್ದರೆ ಹಬ್ಬ
(ಪುಣೆಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಚೀನಾದ ಒಂದು ಊರಿನ ಮಾತೇಕೆ ಎಂದು ತಮಗೆ ಅನಿಸಬಹುದು. ಆ ಊರನ್ನು ಕಂಡ ಮೇಲೆ ನಮ್ಮ ಹೊರನಾಡ ಸಂಘಗಳ ಬಗೆಗಿನ ನನ್ನ ವಿಚಾರವೇ ಬದಲಾಯಿತು. ಆದುದರಿಂದ ಇಲ್ಲಿಯೇ ಹೇಳಬೇಕಾಗಿದೆ.

2019ರ ಜನವರಿಯಲ್ಲಿ ಕಾರ್ಖಾನೆಯ ಕೆಲಸದ ನಿಮಿತ್ತ ಈಶಾನ್ಯ ಚೀನಾದ ಹಾರ್ಬಿನ್‌ಗೆ ಹೋಗಿದ್ದೆ. ಉಷ್ಣಾಂಶ 10 ಡಿಗ್ರಿಗೆ ಇಳಿದರೆ ಕಿವಿಗೆ ಮಫ್ಲರು ಸುತ್ತುವ ಪುಣೇಕರ ನಾನು. ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟುತ್ತಿತ್ತು. ಆ ಚಳಿಯನ್ನೇ ಊರಿನವರು ಹಬ್ಬವಾಗಿಸಿದ್ದಾರೆ. 1963ರಲ್ಲಿ ಒಂದು ಉದ್ಯಾನದಲ್ಲಿ ಮಂಜುಗಡ್ಡೆಯ ದೀಪಗಳಿಂದ ಆರಂಭವಾದುದು 1985ರಿಂದ ಜನವರಿಯ ದೊಡ್ಡ ಉತ್ಸವವಾಗಿ ಬೆಳೆದಿದೆ. ಹೆಪ್ಪುಗಟ್ಟಿದ ಸೋಂಗ್‌ಹುವಾ ನದಿಯಿಂದ ಡಿಸೆಂಬರಿನಲ್ಲಿ ಗಡ್ಡೆಗಳನ್ನು ಕೊಯ್ದು ತಂದು ಗೋಪುರ, ಅರಮನೆ, ಸೇತುವೆಗಳನ್ನು ಕಟ್ಟುತ್ತಾರೆ. ಒಳಗೆ ಬಣ್ಣದ ದೀಪ ಹಚ್ಚುತ್ತಾರೆ. ಬಿಸಿಲೇರಿದಂತೆ ಎಲ್ಲವೂ ಕರಗಿ ನೀರಾಗುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅರಮನೆಗಳಲ್ಲ, ಈರುಳ್ಳಿಯಾಕಾರದ ಗುಮ್ಮಟದ ಒಂದು ಇಗರ್ಜಿ. ಹಾರ್ಬಿನ್ ಬೆಳೆದದ್ದು 1898ರಲ್ಲಿ, ರಷ್ಯನ್ನರು ಹಾಕಿದ ರೈಲುದಾರಿಯಿಂದ. 1917ರ ಕ್ರಾಂತಿಯ ನಂತರ ನಿರಾಶ್ರಿತರು ಬಂದು ಸೇರಿ, 1920ರ ದಶಕದಲ್ಲಿ ರಷ್ಯನ್ನರ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಮುಟ್ಟಿತು. ಶಾಲೆ, ರಂಗಭೂಮಿ, ಪತ್ರಿಕೆ ಎಲ್ಲವೂ ಇದ್ದವು. 1926ರಿಂದ 1945ರವರೆಗೆ ನಡೆದ ಅವರ ಒಂದು ಸಾಪ್ತಾಹಿಕದ ಹೆಸರು 'ರೂಬೆಝ್'; ಎಂದರೆ ಗಡಿ. ಹೊರನಾಡಿನಲ್ಲಿ ಪತ್ರಿಕೆ ನಡೆಸುವ ನಮಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕೆ?

ಈಗ ಅವರಿಲ್ಲ. 1932ರಲ್ಲಿ ಜಪಾನಿನ ಸೇನೆ ಊರನ್ನು ಹಿಡಿಯಿತು. 1935ರಲ್ಲಿ ರೈಲುದಾರಿಯ ಮಾರಾಟವಾಯಿತು. 1950ರ ದಶಕದಲ್ಲಿ ಉಳಿದವರೂ ಸೋವಿಯತ್ ದೇಶಕ್ಕೆ, ಆಸ್ಟ್ರೇಲಿಯಕ್ಕೆ ಚದುರಿದರು. ಸಂತ ಸೋಫಿಯಾ ಇಗರ್ಜಿ ಗೋದಾಮಾಗಿ, 1997ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅವರ ಭಾಷೆಯಲ್ಲಿ ಉಳಿದದ್ದು ಕೆಲವು ಶಬ್ದಗಳು. ಅಂಗಡಿಯಲ್ಲಿ ಚೀನೀ ಹೆಂಗಸೊಬ್ಬಳು ದೊಡ್ಡದೊಂದು ರೊಟ್ಟಿಯನ್ನು ನನ್ನ ಕೈಗಿತ್ತು 'ಲಿಯೇಬಾ' ಎಂದಳು. ಅದು ರಷ್ಯನ್ನರ 'ಖ್ಲೇಬ್'. ಶಬ್ದ ಬದುಕಿದೆ, ಆಡುವ ಮನೆಗಳು ಬರಿದಾಗಿವೆ.

ನನಗೆ ನೆನಪಾದದ್ದು ಪುಣೆಯ ಅಡುಗೆಮನೆ. ಮರಾಠಿಯ ತೂಪ್, ಅಡಕಿತ್ತಾ, ಅಕ್ಕಾ, ಅಣ್ಣಾ ಇವೆಲ್ಲ ಕನ್ನಡದಿಂದ ಬಂದವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಸರಿಯೆ. ಆದರೆ ನಮ್ಮ ಮೊಮ್ಮಕ್ಕಳ ಬಾಯಲ್ಲಿ ಉಳಿಯುವ ಕನ್ನಡವೂ ಇಷ್ಟೇ ಆದರೆ?

ಹಾರ್ಬಿನ್ನಿನ ರಷ್ಯನ್ನರನ್ನು ಚದುರಿಸಿದ್ದು ಯುದ್ಧ ಮತ್ತು ರಾಜಕೀಯ. ನಮ್ಮನ್ನು ಪುಣೆಯಿಂದ ಯಾರೂ ಓಡಿಸಲಿಲ್ಲ. ನಾವು ಮರಾಠಿ ಕಲಿತೆವು, ಈ ಊರಿನವರಾದೆವು. ಅದು ಒಪ್ಪತಕ್ಕ ದಾರಿ. ಕನ್ನಡ ಮಾಧ್ಯಮದ ಶಾಲೆಯನ್ನೂ ಇಲ್ಲಿ ಹಿರಿಯರು ಕಟ್ಟಿಕೊಟ್ಟರು. ಆದರೂ ಮಕ್ಕಳೊಡನೆ ಮನೆಯಲ್ಲಿ ಕನ್ನಡ ಬಿಟ್ಟವರು ನಾವೇ. ನನ್ನ ಮಗ ಕನ್ನಡ ಮಾತಾಡಬಲ್ಲ, ಓದಲಾರ. ಈ ತಪ್ಪಿಗೆ ನಾನು ಯಾವ ಸರಕಾರವನ್ನೂ ದೂರಲಾರೆ.

ಬಂಧುಗಳೆ, ಈ ರಾಜ್ಯೋತ್ಸವ, ಈ ಯಕ್ಷಗಾನ, ಈ ಹೋಳಿಗೆಯೂಟ, ಇವು ನಮ್ಮ ಮಂಜಿನ ಅರಮನೆಗಳು. ಕರಗುವುದು ಅವುಗಳ ದೋಷವಲ್ಲ. ಹಾರ್ಬಿನ್ನಿನವರು ಕರಗಿದ್ದಕ್ಕೆ ಅಳುವುದಿಲ್ಲ. ಬರುವ ಡಿಸೆಂಬರಿನಲ್ಲಿ ಗಡ್ಡೆ ಕೊಯ್ಯಲು ನದಿ ಇದೆಯೆಂಬುದು ಅವರಿಗೆ ಗೊತ್ತು. ನಮ್ಮ ನದಿ ಮನೆಯ ಮಾತು. ಅದು ಬತ್ತಿದರೆ ಯಾವ ಸಂಘವೂ ಎಲ್ಲಿಂದಲೂ ಗಡ್ಡೆ ತರಲಾರದು.

ಇಂದು ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಕನ್ನಡದಲ್ಲಿ ಕರೆಯಿರಿ. ನಾನೂ ಕರೆಯುತ್ತೇನೆ.