ಕೊಂಡ ಮೇಲೆ ಕಾಣುವ ದೋಷಗಳು: ಒಂದು ಹಳೆಯ ಸ್ಪೋರ್ಟ್ಸ್ ಕಾರು ಕಲಿಸುವ ಪಾಠ



ಇಬ್ಬರೇ ಕೂರಬಲ್ಲ, ನೆಲಕ್ಕೆ ತಗ್ಗಾದ, ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಚಿದರೆ ಆಕಾಶಕ್ಕೆ ತೆರೆದುಕೊಳ್ಳುವ ಪುಟ್ಟ ಕಾರು. ಇಂಥ ಕಾರಿನ ಚಿತ್ರವನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಇಂಥ ಎಷ್ಟೋ ಕಾರುಗಳು ಮೂರನೆಯ, ನಾಲ್ಕನೆಯ ಒಡೆಯರ ಕೈಗೆ ಬರುವ ವೇಳೆಗೆ ಸಾಧಾರಣ ಸಂಬಳದವರಿಗೂ ಎಟುಕುತ್ತವೆ. ಓದಲೆಂದು, ದುಡಿಯಲೆಂದು ಅಲ್ಲಿಗೆ ಹೋದ ನಮ್ಮ ಕಡೆಯ ತರುಣ ತರುಣಿಯರೂ ಹಳೆಯ ಕಾರು ಕೊಳ್ಳುವುದುಂಟು. ಕೊಂಡ ದಿನ ಹಬ್ಬ. ಮರುವಾರ ಏನೋ ಸದ್ದು, ಎಲ್ಲೋ ಸೋರಿಕೆ. ಈ ತೊಂದರೆಗಳನ್ನು ಎದುರಿಸುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಉದಾಹರಣೆಗೆ ಒಂದು ಕಾರನ್ನು ತೆಗೆದುಕೊಳ್ಳೋಣ. ಜಪಾನಿನ ಮಜ್ದಾ ಕಂಪನಿಯ ಎಂಎಕ್ಸ್-5. ಸ್ವರಾಜ್ ಮಜ್ದಾ ಎಂಬ ಹೆಸರನ್ನು ನಮ್ಮ ರಸ್ತೆಗಳ ಸಣ್ಣ ಲಾರಿ, ಬಸ್ಸುಗಳ ಮೇಲೆ ಓದಿದವರಿಗೆ ಈ ಕಂಪನಿ ಅಪರಿಚಿತವಲ್ಲ. 1989ರ ಫೆಬ್ರವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಿತು. ಅಮೆರಿಕದವರು ಇದನ್ನು ಮಿಯಾಟಾ ಎಂದು ಕರೆಯುತ್ತಾರೆ. ಮುಂದೆ ನಾಲ್ಕು ಸಿಲಿಂಡರಿನ 1600 ಸಿ.ಸಿ. ಎಂಜಿನ್, ಎಳೆತವೆಲ್ಲ ಹಿಂದಿನ ಚಕ್ರಗಳಿಗೆ, ತೂಕ ಸುಮಾರು ಒಂದು ಟನ್. 2016ರ ಏಪ್ರಿಲ್‌ನಲ್ಲಿ ಈ ಹೆಸರಿನ ಹತ್ತು ಲಕ್ಷದ ಕಾರು ತಯಾರಾಯಿತು. ಮೊದಲ ಪೀಳಿಗೆಯ ತಯಾರಿಕೆ 1997ರಲ್ಲಿ ನಿಂತಿತು. ಅಂದರೆ ಆ ಪೀಳಿಗೆಯ ಅತಿ ಕಿರಿಯ ಕಾರಿಗೂ ಈಗ ಇಪ್ಪತ್ತೈದು ವರ್ಷ ದಾಟಿದೆ. ಗಟ್ಟಿಮುಟ್ಟಾದ ಕಾರೆಂದು ಇದಕ್ಕೆ ಒಳ್ಳೆಯ ಹೆಸರಿದೆ. ಆದರೂ ವಯಸ್ಸು ಯಾರನ್ನು ಬಿಟ್ಟಿದೆ?

ಮೊದಲು ಒಂದು ಮಾತನ್ನು ಗಮನಿಸಿ. ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ರಿಪೇರಿಯ ಖರ್ಚು ಇಳಿಯುವುದಿಲ್ಲ. ರೇಡಿಯೇಟರಿನ ಅಂಗಡಿಯವನು ನೀವು ಕಾರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿ ಬೆಲೆ ಹೇಳುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಹಣವನ್ನೆಲ್ಲ ಕಾರಿನ ಬೆಲೆಗೇ ಸುರಿಯುವವನು ಆನೆ ಕೊಂಡು, ಅದರ ಮೇವಿಗೆ ಏನೂ ಉಳಿಸಿಕೊಳ್ಳದವನಂತೆ.

ಎರಡನೆಯದಾಗಿ, ಯಂತ್ರಕ್ಕೆ ಎರಡು ಬಗೆಯ ವಯಸ್ಸುಂಟು. ಒಂದು, ಓಡಿದ ಕಿಲೋಮೀಟರುಗಳ ಲೆಕ್ಕದ್ದು. ಇನ್ನೊಂದು, ಕಳೆದ ವರ್ಷಗಳ ಲೆಕ್ಕದ್ದು. ಸ್ಪೋರ್ಟ್ಸ್ ಕಾರುಗಳನ್ನು ಬಹಳ ಜನ ಬಿಸಿಲಿನ ದಿನ ಮಾತ್ರ ಹೊರಗೆ ತೆಗೆಯುತ್ತಾರೆ. ಹಾಗಾಗಿ ಮೀಟರಿನಲ್ಲಿ ಕಡಿಮೆ ಅಂಕಿ ಇರುತ್ತದೆ. ಕೊಳ್ಳುವವರು ಅದನ್ನು ನೋಡಿ ಹಿಗ್ಗುತ್ತಾರೆ. ಆದರೆ ನಿಂತಲ್ಲೇ ನಿಂತ ಕಾರಿನಲ್ಲೂ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ, ದ್ರವಗಳು ಕೆಡುತ್ತವೆ. ಬ್ರೇಕ್ ಆಯಿಲನ್ನೇ ನೋಡಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಅಮುಕಿ ಕಿರಿದಾಗಿಸಲು ಆಗದು. ಆವಿಯನ್ನು ಸುಲಭವಾಗಿ ಅಮುಕಬಹುದು. ಆಗ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಅಮುಕುವುದರಲ್ಲೇ ಮುಗಿದುಹೋಗುತ್ತದೆ. ಪೆಡಲು ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಟಯರಿನ ವಿಷಯವೂ ಹೀಗೆಯೇ. ಮೇಲಿನ ಪಟ್ಟೆಗಳು ಸವೆಯದಿದ್ದರೂ ರಬ್ಬರು ಮುದಿಯಾಗಿರಬಹುದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಓದಲು ಅರ್ಧ ನಿಮಿಷ ಸಾಕು.

ಈಗ, ಕೊಂಡ ಮೇಲೆ ಮೊದಲು ಮಾಡಬೇಕಾದದ್ದೇನು? ಹಲವರು ಮೊದಲ ವಾರವೇ ಗದ್ದಲ ಮಾಡುವ ಸೈಲೆನ್ಸರ್, ಥಳಥಳಿಸುವ ಚಕ್ರಗಳನ್ನು ಹಾಕಿಸುತ್ತಾರೆ. ಕ್ರಮ ತಿರುಗುಮುರುಗಾಯಿತು. ಕಾರು ನಿಲ್ಲುವುದು ಮೊದಲು, ತಿರುಗುವುದು ಎರಡನೆಯದು, ಓಡುವುದು ಮೂರನೆಯದು, ಅಲಂಕಾರ ಕೊನೆಯದು. ಬ್ರೇಕು, ಟಯರು, ಸ್ಟೀರಿಂಗಿನ ಕೀಲುಗಳನ್ನು ನೋಡಿಸಿದ ಮೇಲೆಯೇ ಎಂಜಿನ್ನಿನ ಕಡೆ ಬನ್ನಿ. ಅಲ್ಲಿಯೂ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲಂಟ್, ಸ್ಪಾರ್ಕ್ ಪ್ಲಗ್ ಇವುಗಳನ್ನು ಮೊದಲು ಹೊಸದಾಗಿಸಿ. ಎಷ್ಟೋ ಚಿಲ್ಲರೆ ದೋಷಗಳು ಇಷ್ಟಕ್ಕೇ ಮಾಯವಾಗುತ್ತವೆ.

ಮಾಯವಾಗದೆ ಉಳಿದ ದೋಷಗಳನ್ನು ಏನು ಮಾಡಬೇಕು? ನನ್ನ ಮುಖ್ಯ ಮಾತು ಇಲ್ಲಿದೆ. ಯಂತ್ರದಲ್ಲಿ ಲಕ್ಷಣ ಕಾಣುವುದು ಒಂದು ಕಡೆ, ಕಾರಣ ಇರುವುದು ಮತ್ತೊಂದು ಕಡೆ. ಇದನ್ನು ಮರೆತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಮೂರು ಉದಾಹರಣೆಗಳನ್ನು ಕೊಡುತ್ತೇನೆ. ಮೂರೂ ಈ ಮಜ್ದಾ ಕಾರಿನಲ್ಲಿ ಪದೇ ಪದೇ ಕಾಣುವಂಥವು.

ಒಂದು ಬೆಳಿಗ್ಗೆ ಗೇರು ಬೀಳುವುದಿಲ್ಲ, ಕರಕರ ಎನ್ನುತ್ತದೆ. ಗೇರ್ ಬಾಕ್ಸ್ ಹೋಯಿತು ಎಂದು ನಾಲ್ಕು ಜನ ಹೇಳುತ್ತಾರೆ. ಆದರೆ ಈ ಕಾರಿನ ಕ್ಲಚ್ ಕೆಲಸ ಮಾಡುವುದು ದ್ರವದ ಒತ್ತಡದಿಂದ. ಪೆಡಲಿನ ಬಳಿ ಒಂದು ಸಿಲಿಂಡರು, ಗೇರ್ ಬಾಕ್ಸಿನ ಬಳಿ ಇನ್ನೊಂದು. ಕೆಳಗಿನ ಸಿಲಿಂಡರಿನೊಳಗಿನ ರಬ್ಬರಿನ ಸೀಲು ಸವೆದರೆ ದ್ರವ ಸೋರುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಬೀಳುವುದಿಲ್ಲ. ಬಾನೆಟ್ ಎತ್ತಿ ಕ್ಲಚ್ ದ್ರವದ ಡಬ್ಬಿ ನೋಡಿ; ಮಟ್ಟ ಇಳಿದಿದ್ದರೆ ಅದು ಎಲ್ಲಿಗೆ ಹೋಯಿತೆಂದು ಹುಡುಕಿ. ಒಂದು ಸಣ್ಣ ಭಾಗದ ಬೆಲೆಯಲ್ಲಿ ಮುಗಿಯುವ ಕೆಲಸಕ್ಕೆ ಗೇರ್ ಬಾಕ್ಸನ್ನೇ ಇಳಿಸಬೇಕಾಗಿಲ್ಲ.

ಎರಡನೆಯದು, ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕಡೆ ಎಣ್ಣೆಯ ಹನಿಗಳು. ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲು ಹೋಗಿದೆ ಎಂಬ ಊಹೆ ಸಹಜ. ಅದನ್ನು ಬದಲಿಸಲು ದೊಡ್ಡ ಕೆಲಸವೇ ಬೇಕು. ಆದರೆ ಎಂಜಿನ್ನಿನ ಹೆಡ್‌ನ ಹಿಂಭಾಗದಲ್ಲಿ, ಕಣ್ಣಿಗೆ ಸುಲಭವಾಗಿ ಬೀಳದ ಜಾಗದಲ್ಲಿ, ಕ್ಯಾಮ್ ತಿರುಗುವ ಕೋನವನ್ನು ಅಳೆಯುವ ಒಂದು ಸೆನ್ಸರ್ ಇದೆ. ಅದರ ಸುತ್ತ ಬಳೆಯಂಥ ಒಂದು ರಬ್ಬರಿನ ಓ-ರಿಂಗ್. ಅದು ಗಟ್ಟಿಯಾದರೆ ಎಣ್ಣೆ ಅಲ್ಲಿಂದ ಜಿನುಗಿ, ಎಂಜಿನ್ನಿನ ಬೆನ್ನ ಮೇಲೆ ಇಳಿದು, ಕೆಳಗೆ ಹನಿಯುತ್ತದೆ. ಮೊದಲು ಎಂಜಿನ್ನನ್ನು ಒರೆಸಿ ಶುದ್ಧ ಮಾಡಿ, ಸ್ವಲ್ಪ ದೂರ ಓಡಿಸಿ, ಒದ್ದೆಯಾದ ಅತ್ಯಂತ ಎತ್ತರದ ಜಾಗ ಯಾವುದೆಂದು ನೋಡಿ. ಎಣ್ಣೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂಬ ಸರಳ ಸತ್ಯ ಇಲ್ಲಿ ಹಣ ಉಳಿಸುತ್ತದೆ.

ಮೂರನೆಯದು ಇವೆರಡಕ್ಕಿಂತ ಗಂಭೀರ. ಮಳೆ ಬಂದ ಮರುದಿನ ಕಾಲಡಿಯ ರತ್ನಗಂಬಳಿ ಒದ್ದೆ. ಬಟ್ಟೆಯ ಚಾವಣಿ ಸೋರುತ್ತಿದೆ ಎಂದು ಅದಕ್ಕೆ ತೇಪೆ ಹಾಕಿಸುತ್ತಾರೆ. ನಿಜವಾಗಿ ಚಾವಣಿಯ ಮೇಲೆ ಬಿದ್ದ ನೀರು ಇಳಿದುಹೋಗಲು ಸೀಟುಗಳ ಹಿಂದೆ ಎರಡು ಬದಿಗೂ ಕಿಂಡಿಗಳಿವೆ. ತರಗೆಲೆ, ದೂಳು ಕಟ್ಟಿಕೊಂಡು ಅವು ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೊಳ್ಳು ತೊಲೆಗಳಿಗೆ ಇಳಿದು ಅವುಗಳನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಬ್ರಿಟನ್ನಿನಂಥ ದೇಶಗಳಲ್ಲಿ ಈ ತುಕ್ಕು ಇನ್ನೂ ಬೇಗ. ಸಾಮಾನ್ಯ ಕಾರಿನಲ್ಲಿ ಉಕ್ಕಿನ ಚಾವಣಿಯೂ ಭಾರ ಹೊರುತ್ತದೆ. ಚಾವಣಿ ಇಲ್ಲದ ಕಾರಿನಲ್ಲಿ ಆ ಹೊಣೆಯ ಬಹುಪಾಲು ಈ ತೊಲೆಗಳದು. ಅಪಘಾತದ ಕ್ಷಣದಲ್ಲಿ ನಿಮ್ಮನ್ನು ಕಾಯಬೇಕಾದ ಉಕ್ಕು, ಹೊರಗೆ ಬಣ್ಣ ಹೊಳೆಯುತ್ತಿದ್ದರೂ, ಒಳಗೆ ಹಪ್ಪಳವಾಗಿರಬಹುದು. ಒದ್ದೆ ಗಂಬಳಿ ಒಂದು ಎಚ್ಚರಿಕೆಯ ಗಂಟೆ. ಅದನ್ನು ಬಿಸಿಲಿಗೆ ಒಣಗಿಸಿ ಸುಮ್ಮನಾಗಬಾರದು.

ಯಾವ ದೋಷ ಕಾಯಬಹುದು, ಯಾವುದು ಕಾಯಲಾರದು ಎಂಬ ವಿವೇಕವೂ ಬೇಕು. ಚಾಲೂ ಮಾಡಿದಾಗ ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಎಂಬ ಹಗುರ ಸದ್ದು ಈ ಕಾರಿನಲ್ಲಿ ಸಾಮಾನ್ಯ. ವಾಲ್ವುಗಳ ಬಳಿ ಎಣ್ಣೆಯ ಒತ್ತಡದಿಂದ ಸಂದು ತುಂಬುವ ಪುಟ್ಟ ಭಾಗಗಳಿವೆ; ಎಣ್ಣೆ ಹಳೆಯದಾದರೆ ಅವು ಟಿಕ್ಕೆನ್ನುತ್ತವೆ. ಎಣ್ಣೆಯ ಮಟ್ಟ ನೋಡಿ, ಬದಲಾಯಿಸಿ, ಕೆಲವು ದಿನ ಕಾಯಬಹುದು. ಆದರೆ ಎಂಜಿನ್ನಿನ ಒಡಲಿನಿಂದ, ಭಾರ ಎಳೆಯುವಾಗ ಹೆಚ್ಚಾಗುವ ಡಬ್ ಡಬ್ ಸದ್ದು ಬಂದರೆ ಅಲ್ಲೇ ನಿಲ್ಲಿಸಬೇಕು. ಬಿಸಿಯ ಮುಳ್ಳು ಏರಿದಾಗಲೂ ಹಾಗೆಯೇ. ಈ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮಿನದು. ಅತಿಯಾಗಿ ಕಾದರೆ ಹೆಡ್ ಸೊಟ್ಟಗಾಗುತ್ತದೆ. ಇನ್ನು ನಾಲ್ಕು ಕಿಲೋಮೀಟರು ತಾನೇ ಎಂದು ಓಡಿಸಿದವರು ಆ ನಾಲ್ಕು ಕಿಲೋಮೀಟರಿಗೆ ದುಬಾರಿ ಬೆಲೆ ತೆರುತ್ತಾರೆ. ಇದಕ್ಕೆ ಮುನ್ಸೂಚನೆಯೂ ಉಂಟು: ರೇಡಿಯೇಟರಿನ ಮೇಲಿನ ಕಪ್ಪು ಪ್ಲಾಸ್ಟಿಕ್ ತೊಟ್ಟಿ ಬಿರಿಯುವ ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿರುವ ಆ ನೀರು ನೂರು ಡಿಗ್ರಿಗಿಂತ ಬಿಸಿಯಾಗಿದ್ದು, ಮುಚ್ಚಳ ಸಡಿಲಿಸಿದೊಡನೆ ಚಿಮ್ಮಿ ಮುಖ ಸುಡುತ್ತದೆ.

ನೀವು ಪ್ರಯೋಗಾಲಯದಲ್ಲಿ ಕಲಿಯುವ ಪದ್ಧತಿಯೇ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದು ನೋಟ್ ಪುಸ್ತಕ ಇಡಿ. ದೋಷ ಬಂದದ್ದು ಎಂಜಿನ್ ತಣ್ಣಗಿದ್ದಾಗಲೋ ಕಾದಾಗಲೋ, ನೇರ ಹೋಗುವಾಗಲೋ ತಿರುಗುವಾಗಲೋ ಎಂದು ಬರೆಯಿರಿ. ಒಮ್ಮೆಗೆ ಒಂದನ್ನೇ ಬದಲಾಯಿಸಿ. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. 1996ರಿಂದ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ದೋಷಸಂಖ್ಯೆ ತೋರಿಸುವ ಏಕರೂಪದ ವ್ಯವಸ್ಥೆ ಇದೆ. ಆ ಸಂಖ್ಯೆ ದೂರು ಎಲ್ಲಿಂದ ಬಂತು ಎಂದಷ್ಟೇ ಹೇಳುತ್ತದೆ, ತಪ್ಪಿತಸ್ಥ ಯಾರು ಎಂದು ಹೇಳುವುದಿಲ್ಲ. ಮೆಕ್ಯಾನಿಕ್ ಬಳಿ ಹೋದಾಗಲೂ ಕ್ಲಚ್ ಪ್ಲೇಟ್ ಹಾಕಿ ಎನ್ನಬೇಡಿ. ಏನಾಗುತ್ತಿದೆ ಎಂಬುದನ್ನು ವಿವರಿಸಿ. ವೈದ್ಯರ ಬಳಿ ನೋವಿನ ಜಾಗ ಹೇಳುತ್ತೇವೆ, ಔಷಧದ ಹೆಸರನ್ನಲ್ಲ.

ಒಂದೊಂದು ಕಾರಿನ ಗುಣ ಒಂದೊಂದು. ಮಜ್ದಾ ಕಾರಿನ 1600 ಸಿ.ಸಿ. ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಸುಮಾರು 96,000 ಕಿಲೋಮೀಟರಿಗೆ ಬದಲಿಸಬೇಕು. ಅದು ಕಡಿದರೆ ಕಾರು ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಜರ್ಮನಿಯ ಪೋರ್ಷೆ 944ರಲ್ಲಿ ಅದೇ ಬೆಲ್ಟು ಕಡಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ವಾಲ್ವುಗಳು ಬಾಗುತ್ತವೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಆದ್ದರಿಂದ ನಿಮ್ಮ ಕಾರಿನ ಕೈಪಿಡಿಯನ್ನು ಪಠ್ಯಪುಸ್ತಕದಂತೆ ಓದಿ. ಮೊದಮೊದಲ ವರ್ಷಗಳ ಮಜ್ದಾ ಕಾರುಗಳಿಗೆ ಇನ್ನೊಂದು ದುರ್ಬಲ ಸ್ಥಾನವಿದೆ. ಬೆಲ್ಟ್ ಬದಲಿಸುವಾಗ ಕ್ರ್ಯಾಂಕಿನ ಮೂತಿಯ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಅಲ್ಲಿನ ಕೀಲಿಯೂ ಅದರ ಗಾಡಿಯೂ ಸವೆದು, ಪುಲ್ಲಿ ಓಲಾಡತೊಡಗುತ್ತದೆ. ಇದಕ್ಕೆ ಕ್ರ್ಯಾಂಕನ್ನೇ ಬದಲಿಸುವಷ್ಟು ಖರ್ಚು ಬರಬಹುದು. ಅಂಥ ಕಡೆ ನಷ್ಟವನ್ನು ಒಪ್ಪಿಕೊಂಡು ಕಾರನ್ನು ಬಿಟ್ಟುಬಿಡುವುದೂ ಒಂದು ಜಾಣತನ. ಇಷ್ಟು ಸುರಿದಿದ್ದೇವೆ, ಇನ್ನಷ್ಟು ಸುರಿಯೋಣ ಎಂಬುದು ಲೆಕ್ಕವಲ್ಲ, ಹಟ.

ಕೊಳ್ಳುವ ಮೊದಲೇ ಎಚ್ಚರಿದ್ದರೆ ಅರ್ಧ ಕೆಲಸ ಮುಗಿದಂತೆ. ಬ್ರಿಟನ್ನಿನ ಬಹುಭಾಗದಲ್ಲಿ ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ತಪಾಸಣೆಯಾಗಬೇಕು. ಹಿಂದಿನ ತಪಾಸಣೆಗಳ ವಿವರವನ್ನು ಸರ್ಕಾರದ ಅಂತರಜಾಲ ತಾಣದಲ್ಲಿ ಯಾರಾದರೂ ಉಚಿತವಾಗಿ ನೋಡಬಹುದು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಳೆಯ ಕಾರಿನ ವ್ಯಾಪಾರಿ ಗ್ಯಾರಂಟಿ ಉಂಟೋ ಇಲ್ಲವೋ ಎಂಬ ಚೀಟಿಯನ್ನು ಕಾರಿನ ಮೇಲೆ ತೋರಿಸಬೇಕೆಂಬ ನಿಯಮ 1985ರಿಂದ ಇದೆ. 'ಇದ್ದಂತೆಯೇ ಮಾರಾಟ' ಎಂದು ಬರೆದಿದ್ದರೆ ಮುಂದಿನ ರಿಪೇರಿಯೆಲ್ಲ ನಿಮ್ಮದೇ ತಲೆಗೆ. ನಮ್ಮಲ್ಲಿ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ, ನವೀಕರಿಸುವಾಗ ತಪಾಸಣೆಯಾಗುತ್ತದೆ. ನಡುವೆ ನಡೆಯುವ ಹೊಗೆ ತಪಾಸಣೆ ಬ್ರೇಕನ್ನು ನೋಡುವುದಿಲ್ಲ. ಹೀಗಾಗಿ ನೀವು ಕಾಲೇಜಿಗೆಂದು ಕೊಳ್ಳುವ ಹಳೆಯ ಬೈಕು, ಸ್ಕೂಟರಿಗೆ ನೀವೇ ತಪಾಸಣಾಧಿಕಾರಿ.

ಮಿತ್ರರೇ, ಹಳೆಯ ಯಂತ್ರ ಕೊಂಡವರೆಲ್ಲ ಮೋಸಹೋದವರಲ್ಲ. ಕಾರಣ ಹುಡುಕುವ ತಾಳ್ಮೆ ಇದ್ದವರಿಗೆ ಅದು ಒಳ್ಳೆಯ ಗುರು. ಈ ವಾರ ನಿಮ್ಮ ಮನೆಯ ವಾಹನದ ಟಯರಿನ ಮೇಲಿರುವ ಆ ನಾಲ್ಕು ಅಂಕಿಗಳನ್ನು ಓದಿ; ಬ್ರೇಕ್ ಆಯಿಲನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಮನೆಯ ಹಿರಿಯರನ್ನು ಕೇಳಿ. ಉತ್ತರ ಯಾರಿಗೂ ನೆನಪಿಲ್ಲದಿದ್ದರೆ, ನಿಮ್ಮ ಮೊದಲ ಕೆಲಸ ಅದೇ.