ರೋಗಿಯ ಪರ ಮಾತಾಡುವವರು ಯಾರು?



ನಾನು ಸಾಫ್ಟ್‌ವೇರ್ ಇಂಜಿನಿಯರ್, ವೈದ್ಯನಲ್ಲ. ಆದರೂ ಜಪಾನಿನಲ್ಲಿರುವ ನಮ್ಮೆಲ್ಲರಿಗೂ ಸೇರಿದ ವಿಷಯವೆಂದು ಮನೋರೋಗಿಗಳ ಹಕ್ಕಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಈ ದೇಶದಲ್ಲಿ ಮನೋರೋಗಿಗಳಿಗೆಂದೇ ಸುಮಾರು 3 ಲಕ್ಷ ಹಾಸಿಗೆಗಳಿವೆ. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ರೋಗಿ ಬೇಡವೆಂದರೂ, ಸರ್ಕಾರ ಗೊತ್ತುಮಾಡಿದ ಮನೋವೈದ್ಯರೊಬ್ಬರ ತೀರ್ಮಾನ ಮತ್ತು ಮನೆಯವರೊಬ್ಬರ ಒಪ್ಪಿಗೆ ಇದ್ದರೆ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಯಾರಿಗಾದರೂ ಹೀಗಾದರೆ ಆ ಸಹಿ ಹಾಕುವವರು ಗಂಡನೋ ಹೆಂಡತಿಯೋ, ಅದೂ ಓದಲು ಬಾರದ ಜಪಾನಿ ಕಾಗದದ ಮೇಲೆ.

ಉತ್ಸುನೊಮಿಯಾ ಆಸ್ಪತ್ರೆಯಲ್ಲಿ ಸಿಬ್ಬಂದಿಯ ಹೊಡೆತ ತಿಂದ ಇಬ್ಬರು ರೋಗಿಗಳು ಸತ್ತ ಸಂಗತಿ 1984ರಲ್ಲಿ ಬಯಲಾಯಿತು. 1987ರಲ್ಲಿ ಕಾನೂನು ತಿದ್ದಿದರು. ರೋಗಿ ಬಿಡುಗಡೆ ಕೇಳಿದರೆ ಪರಿಶೀಲಿಸಲು ಮಂಡಳಿ ಬಂತು. ಆದರೂ 2023ರಲ್ಲಿ ಟೋಕಿಯೋದ ತಾಕಿಯಾಮಾ ಆಸ್ಪತ್ರೆಯಲ್ಲಿ ರೋಗಿಗಳ ಮೇಲಿನ ದೌರ್ಜನ್ಯ ಹೊರಬಿತ್ತು. ಮಂಡಳಿ ಇದ್ದರೆ ಸಾಲದು. ಒಳಗಿದ್ದವರ ಮಾತನ್ನು ಹೊರಗೆ ಮುಟ್ಟಿಸುವವರು ಬೇಕು.

ವೈದ್ಯರಿಗೆ ಚಿಕಿತ್ಸೆಯ ಯೋಚನೆ, ಆಸ್ಪತ್ರೆಗೆ ವಾರ್ಡಿನ ಶಿಸ್ತು, ಮನೆಯವರಿಗೆ ಭಯ ಮತ್ತು ದಣಿವು, ಕಂಪನಿಗೆ ರಜೆಯ ಲೆಕ್ಕ. ಯಾರೂ ಕೆಟ್ಟವರಲ್ಲ. ಆದರೆ ಕೋಡ್ ಬರೆದವನೇ ಟೆಸ್ಟ್ ಮಾಡಿ "ಎಲ್ಲ ಸರಿ ಇದೆ" ಅಂದರೆ ನಾವು ಒಪ್ಪುತ್ತೇವೆಯೇ? ರೋಗಿಗೆ ಯಾವುದು ಒಳ್ಳೆಯದೆಂದು ತೀರ್ಮಾನಿಸದೆ, ಆತ ಹೇಳಿದ್ದನ್ನೇ ಹೇಳುವ ಒಬ್ಬರು ಬೇಕು.

ಒಸಾಕಾದ ಮಾನವಹಕ್ಕು ಕೇಂದ್ರವೊಂದು 1985ರಿಂದ ಈ ಕೆಲಸ ಮಾಡುತ್ತಿದೆ. ರೋಗಿಗಳ ಪತ್ರ ಮತ್ತು ಫೋನಿಗೆ ಉತ್ತರಿಸುತ್ತದೆ, ವಾರ್ಡಿಗೆ ಹೋಗಿ ಮಾತಾಡಿಸುತ್ತದೆ. 2024ರ ಏಪ್ರಿಲ್‌ನಿಂದ ಸರ್ಕಾರವೂ ಭೇಟಿಗಾರರ ಯೋಜನೆ ತಂದಿದೆ. ಆದರೆ ಅದು ಮುಖ್ಯವಾಗಿ ಮನೆಯವರ ಬದಲು ಮೇಯರ್ ಒಪ್ಪಿಗೆಯಿಂದ ಸೇರಿದವರಿಗೆ. ಸಂಗಾತಿಯ ಸಹಿಯಿಂದ ಒಳಹೋದ ಕನ್ನಡಿಗನಿಗೆ ಅದು ಸಿಗುವ ಖಾತ್ರಿಯಿಲ್ಲ.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ನನ್ನ ಪ್ರತಿನಿಧಿ ಇಂಥವರೆಂದು ಮೊದಲೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಡಬಹುದು. ಅದು ಇಲ್ಲಿ ನಡೆಯದು, ಆದರೆ ಆ ಯೋಚನೆಯನ್ನು ನಾವು ಬಳಸಬಹುದು. ಜಪಾನಿ ಬಲ್ಲ, ಮನೆಯವರಲ್ಲದ ಒಬ್ಬ ಗೆಳೆಯರನ್ನು ಇಂದೇ ಕೇಳಿಕೊಳ್ಳಿ, ಮನೆಯಲ್ಲೂ ತಿಳಿಸಿ. ಇದನ್ನೂ ನೆನಪಿಡಿ: ರೋಗಿ ಬರೆಯುವ ಪತ್ರವನ್ನಾಗಲಿ, ತನ್ನ ವಕೀಲರ ಜೊತೆಗಿನ ಮಾತನ್ನಾಗಲಿ ಆಸ್ಪತ್ರೆ ತಡೆಯುವಂತಿಲ್ಲ.

ನೋವು ಹೇಳಿಕೊಳ್ಳುವಾಗ ನಮ್ಮ ನಾಲಿಗೆಗೆ ಬರುವುದು ಕನ್ನಡವೇ. ಅದನ್ನು ಕೇಳಿ, ಹಾಗೆಯೇ ಜಪಾನಿಯಲ್ಲಿ ಹೇಳಬಲ್ಲವರು ನಮ್ಮಲ್ಲಿದ್ದಾರೆ. ಅಂಥವರು ದಯವಿಟ್ಟು ಮುಂದೆ ಬನ್ನಿ.